‘ನೆಗೆಟಿವ್’ ವರದಿಯನ್ನು ಎಂದು ನಂಬಬೇಕು?



ರಕ್ತಪರೀಕ್ಷೆಯ ವರದಿಯಲ್ಲಿ ‘ನೆಗೆಟಿವ್’ ಎಂದು ಬರೆದಿದ್ದರೂ ಮನಸ್ಸಿಗೆ ನೆಮ್ಮದಿ ದೊರೆಯದಿರುವುದು ಎಚ್.ಐ.ವಿ. ವಿಷಯದಲ್ಲಿ ಅಪರೂಪವಲ್ಲ. ‘ಈ ವರದಿಯನ್ನು ನಂಬಬಹುದೇ?’ ಎಂಬ ಪ್ರಶ್ನೆ ಹಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಈ ಪ್ರಶ್ನೆಗೆ ಉತ್ತರ ಪಡೆಯಲು ಎರಡು ದಿನಾಂಕಗಳನ್ನು ಗಮನಿಸಬೇಕು. ಸೋಂಕು ತಗಲುವ ಸಾಧ್ಯತೆಯಿದ್ದ ಕೊನೆಯ ದಿನ ಒಂದು. ಪರೀಕ್ಷೆಗಾಗಿ ರಕ್ತ ನೀಡಿದ ದಿನ ಇನ್ನೊಂದು.

ಸಾಮಾನ್ಯವಾಗಿ ನಡೆಸುವ ಪರೀಕ್ಷೆಯು ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ರೋಗಾಣುವಿನ ವಿರುದ್ಧ ದೇಹವು ಉತ್ಪಾದಿಸುವ ಪ್ರತಿಕಾಯಗಳನ್ನು ಅದು ಗುರುತಿಸುತ್ತದೆ. ಇವು ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವು ವಾರಗಳು ಬೇಕಾಗುತ್ತವೆ. ಸೋಂಕು ತಗಲಿದ್ದರೂ ಪರೀಕ್ಷೆಗೆ ಗೋಚರಿಸದ ಈ ಕಾಲವನ್ನು ‘ವಿಂಡೋ ಪೀರಿಯಡ್’, ಅಂದರೆ ಗವಾಕ್ಷಿ ಅವಧಿ ಎಂದು ಕರೆಯುತ್ತಾರೆ. ಪ್ರತಿಕಾಯಗಳನ್ನು ಮಾತ್ರ ಹುಡುಕುವ ಪರೀಕ್ಷೆಗಳಿಗೆ ಈ ಅವಧಿ 23ರಿಂದ 90 ದಿನಗಳು. ಪಿ-24 ಎಂಬ ರೋಗಾಣುವಿನ ಅಂಶವನ್ನೂ ಪತ್ತೆಹಚ್ಚುವ ನಾಲ್ಕನೆಯ ತಲೆಮಾರಿನ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ನಡೆಸಿದರೆ 18ರಿಂದ 45 ದಿನಗಳಲ್ಲಿ ಸೋಂಕು ತಿಳಿಯುತ್ತದೆ. ಆದುದರಿಂದ ಮೂರು ತಿಂಗಳು ತುಂಬಿದ ನಂತರ ನಡೆಸಿದ ಪರೀಕ್ಷೆಯು ನೆಗೆಟಿವ್ ಆಗಿದ್ದು, ಆ ನಡುವೆ ಹೊಸ ಅಪಾಯಕ್ಕೆ ಒಳಗಾಗಿರದಿದ್ದರೆ, ಆ ಫಲಿತಾಂಶವನ್ನು ಖಚಿತವೆಂದು ಸ್ವೀಕರಿಸಬಹುದು.

ಸಾನಪಾಡಾಕ್ಕೆ ಹೊಂದಿಕೊಂಡಿರುವ ತುರ್ಭೆ-ವಾಶಿಯ ಸಗಟು ಮಾರುಕಟ್ಟೆಗೆ ದೂರದ ಊರುಗಳಿಂದ ಲಾರಿಗಳು ಬರುತ್ತವೆ. ಹಮಾಲಿ ಕೆಲಸಕ್ಕಾಗಿ ಮನೆಮಂದಿಯನ್ನು ಊರಲ್ಲೇ ಬಿಟ್ಟು ಬಂದವರು ಅಲ್ಲಿ ದುಡಿಯುತ್ತಾರೆ. ಅಂತಹ ಇಬ್ಬರನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಒಬ್ಬನು ಅಪಾಯಕ್ಕೆ ಒಳಗಾದ ಹತ್ತನೆಯ ದಿನವೇ ಪರೀಕ್ಷೆ ಮಾಡಿಸಿಕೊಂಡು, ನೆಗೆಟಿವ್ ವರದಿಯನ್ನು ಕಿಸೆಯಲ್ಲಿಟ್ಟುಕೊಂಡು, ಜಾತ್ರೆಗೆಂದು ಊರಿಗೆ ಹೋಗುತ್ತಾನೆ. ಅವನ ದೇಹದಲ್ಲಿ ಸೋಂಕು ಇದ್ದದ್ದೇ ಆದರೆ ಹೆಂಡತಿಗೂ ಅದು ತಗಲಬಹುದು. ಇನ್ನೊಬ್ಬನು ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿಸಿಕೊಂಡೂ ನಂಬದೆ, ಒಂದು ಲ್ಯಾಬಿನಿಂದ ಮತ್ತೊಂದು ಲ್ಯಾಬಿಗೆ ಅಲೆಯುತ್ತಾ ಕೂಲಿಯ ಹಣವನ್ನೆಲ್ಲ ಕಳೆಯುತ್ತಾನೆ. ಹೆಂಡತಿಯ ಮುಖ ನೋಡಲೂ ಅಂಜಿ ಊರಿಗೆ ಹೋಗುವುದನ್ನೇ ಬಿಡುತ್ತಾನೆ. ಮೊದಲನೆಯವನ ಧೈರ್ಯಕ್ಕೂ ಎರಡನೆಯವನ ಭಯಕ್ಕೂ ಆಧಾರವಿಲ್ಲ. ಗವಾಕ್ಷಿ ಅವಧಿಯ ಲೆಕ್ಕ ತಿಳಿದಿದ್ದರೆ ಇಬ್ಬರೂ ಉಳಿದುಕೊಳ್ಳುತ್ತಿದ್ದರು.

‘ಪಾಸಿಟಿವ್ ಎಂದು ಹೇಳಲು ಮೂರು ಪರೀಕ್ಷೆ ನಡೆಸುವವರು ನೆಗೆಟಿವ್ ಎಂದು ಒಂದೇ ಪರೀಕ್ಷೆಯಿಂದ ಹೇಳುವುದೇಕೆ?’ ಎಂದು ಕೆಲವರು ಸಂಶಯಪಡುತ್ತಾರೆ. ಇದಕ್ಕೆ ಕಾರಣವಿದೆ. ಸೋಂಕುಳ್ಳ ರಕ್ತ ಯಾವುದೂ ಕೈತಪ್ಪಿ ಹೋಗದಿರಲೆಂದು ಮೊದಲ ಪರೀಕ್ಷೆಯನ್ನು ಅತ್ಯಂತ ಸೂಕ್ಷ್ಮಗ್ರಾಹಿಯಾಗಿ ರೂಪಿಸಲಾಗಿರುತ್ತದೆ. ಈ ಸೂಕ್ಷ್ಮತೆಯಿಂದಾಗಿ ಅದು ಒಮ್ಮೊಮ್ಮೆ ಸೋಂಕಿಲ್ಲದವರ ರಕ್ತಕ್ಕೂ ಪ್ರತಿಕ್ರಿಯೆ ತೋರಬಹುದು. ಆದಕಾರಣ ಪಾಸಿಟಿವ್ ಫಲಿತಾಂಶವನ್ನು ದೃಢಪಡಿಸುವುದು ಅಗತ್ಯವಾಗುತ್ತದೆ. 1986ರಲ್ಲಿ ಚೆನ್ನೈನ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಭಾರತದಲ್ಲಿ ಮೊದಲ ಬಾರಿಗೆ ಈ ಸೋಂಕನ್ನು ಪತ್ತೆಹಚ್ಚಿದಾಗಲೂ ಫಲಿತಾಂಶವನ್ನು ಮರುಪರೀಕ್ಷೆಯಿಂದ ದೃಢಪಡಿಸಿಕೊಳ್ಳಲಾಯಿತು. ಗವಾಕ್ಷಿ ಅವಧಿ ಕಳೆದ ಮೇಲೆ ಬಂದ ನೆಗೆಟಿವ್ ಫಲಿತಾಂಶಕ್ಕೆ ಇಂತಹ ಸರಣಿ ಪರೀಕ್ಷೆಗಳ ಅಗತ್ಯವಿರುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಸೋಂಕು ತಡೆಯುವ ಔಷಧವನ್ನು ಅಪಾಯದ ನಂತರ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಿದವರು ಯಾವಾಗ ಪರೀಕ್ಷೆಗೆ ಬರಬೇಕೆಂಬುದನ್ನು ವೈದ್ಯರಿಂದಲೇ ತಿಳಿಯಬೇಕು. ಈಗಾಗಲೇ ಎ.ಆರ್.ಟಿ. ಚಿಕಿತ್ಸೆಯಲ್ಲಿರುವವರಲ್ಲಿ ಕೆಲವೊಮ್ಮೆ ಪರೀಕ್ಷೆಯು ನೆಗೆಟಿವ್ ಬರಬಹುದು. ರೋಗ ವಾಸಿಯಾಯಿತೆಂದು ಅವರು ಔಷಧ ನಿಲ್ಲಿಸಬಾರದು. ಗವಾಕ್ಷಿ ಅವಧಿ ಮುಗಿಯುವವರೆಗೆ ಕಾಂಡೋಮ್ ಬಳಸುವುದು ಕಡ್ಡಾಯವೆಂದು ತಿಳಿಯಬೇಕು. ತನಗೆ ಸೋಂಕಿದೆಯೇ ಎಂದು ತಿಳಿಯುವ ಸಲುವಾಗಿ ಯಾರೂ ರಕ್ತದಾನ ಮಾಡಬಾರದು. ಗವಾಕ್ಷಿ ಅವಧಿಯಲ್ಲಿರುವ ರಕ್ತವು ಪರೀಕ್ಷೆಯ ಕಣ್ತಪ್ಪಿದರೆ ಅಮಾಯಕ ರೋಗಿಯೊಬ್ಬನು ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಜ್ವರ, ಆಯಾಸ, ಮೈಮೇಲಿನ ಗಂದೆ ಮುಂತಾದ ಲಕ್ಷಣಗಳನ್ನು ನೋಡಿ ಸೋಂಕನ್ನು ನಿರ್ಧರಿಸಲಾಗದು. ಇವು ನೂರಾರು ಕಾರಣಗಳಿಂದ ಬರುತ್ತವೆ. ಸಕಾಲದಲ್ಲಿ ಪರೀಕ್ಷೆ ನಡೆದು ನೆಗೆಟಿವ್ ಬಂದ ಮೇಲೂ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಆ ವ್ಯಕ್ತಿಗೆ ಬೇಕಾದುದು ಆಪ್ತಸಮಾಲೋಚನೆ. ಇನ್ನೊಂದು ಪರೀಕ್ಷೆಯು ನಾಲ್ಕು ದಿನ ಸಮಾಧಾನ ನೀಡಬಹುದು. ಐದನೆಯ ದಿನ ಸಂಶಯ ಮರಳಿ ಬರುತ್ತದೆ. ಅಂತರಂಗದ ಪಶ್ಚಾತ್ತಾಪವೇ ಹಲವು ಬಾರಿ ರೋಗಭಯದ ರೂಪ ತಾಳುತ್ತದೆ. ಅದನ್ನು ಅರಿತವರೊಡನೆ ಹೇಳಿಕೊಂಡಾಗ ಭಾರ ಇಳಿಯುತ್ತದೆ. ಭಯವು ತೀವ್ರವಾಗಿದ್ದಲ್ಲಿ ಮನೋವೈದ್ಯರನ್ನು ಕಾಣಲು ಸಂಕೋಚಪಡಬಾರದು.

ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ, ಅಂದರೆ ಐ.ಸಿ.ಟಿ.ಸಿ.ಗಳಲ್ಲಿ, ಸಲಹೆ ಮತ್ತು ಪರೀಕ್ಷೆ ಎರಡೂ ಉಚಿತ. ಊರಿಗೆ ಹೋದಾಗ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಕನ್ನಡದಲ್ಲಿಯೇ ಮಾತನಾಡಿ ಈ ಸೇವೆಯನ್ನು ಪಡೆಯಬಹುದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದ ಪ್ರಕಾರ ಪರೀಕ್ಷೆಗೆ ವ್ಯಕ್ತಿಯ ತಿಳಿವಳಿಕೆಯುಳ್ಳ ಒಪ್ಪಿಗೆ ಅವಶ್ಯಕ; ಫಲಿತಾಂಶದ ಗೋಪ್ಯತೆಗೂ ಕಾನೂನಿನ ರಕ್ಷಣೆಯಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 1097 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಮಾಹಿತಿ ಪಡೆಯಬಹುದು. ಒಂದು ವೇಳೆ ಸೋಂಕು ದೃಢಪಟ್ಟರೂ ಧೃತಿಗೆಡಬೇಕಾಗಿಲ್ಲ. 2004ರಿಂದ ಸರ್ಕಾರವು ಎ.ಆರ್.ಟಿ. ಔಷಧಗಳನ್ನು ಉಚಿತವಾಗಿ ನೀಡುತ್ತಿದೆ.

ಅವಧಿಗೆ ಮುನ್ನ ಬಂದ ವರದಿಯನ್ನು ನೆಚ್ಚಿ ಮೈಮರೆಯುವುದು ಬೇಡ. ಅವಧಿ ತುಂಬಿದ ಮೇಲೆ ಬಂದ ವರದಿಯನ್ನು ಶಂಕಿಸಿ ಕೊರಗುವುದೂ ಬೇಡ. ದಿನಗಳನ್ನು ಎಣಿಸಿ, ಸಕಾಲದಲ್ಲಿ ಪರೀಕ್ಷಿಸಿಕೊಂಡು, ದೊರೆತ ಉತ್ತರವನ್ನು ಒಪ್ಪಿ ಸಂಸಾರದ ಕಡೆಗೆ ಮನಸ್ಸು ಕೊಡುವುದೇ ವಿವೇಕದ ಮಾರ್ಗ.