ಉದ್ಯಾನದ ಕಸ ಮತ್ತು ನಮ್ಮ ಕಾಯಕ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ವಿದ್ವಾಂಸನಲ್ಲ. ಸರ್ಕಾರಿ ಇಲಾಖೆಯೊಂದರಲ್ಲಿ 34 ವರ್ಷ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ವಚನಗಳ ಮೇಲೆ ಮಾತನಾಡಲು ನನಗಿಂತ ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಆದರೆ ಗುರುಗಳು, "ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಪ್ರತಿ ಭಾನುವಾರ ಏನು ಮಾಡುತ್ತೀರೋ ಅದನ್ನೇ ಹೇಳಿ, ಸಾಕು" ಎಂದು ಅಪ್ಪಣೆ ಕೊಡಿಸಿದರು. ಹಾಗಾಗಿ ಅಷ್ಟನ್ನೇ ಹೇಳುತ್ತೇನೆ.

ನಮ್ಮ ಬಡಾವಣೆಯ ಉದ್ಯಾನ ಸುಮಾರು ಅರ್ಧ ಎಕರೆ. ಹೊಂಗೆ, ಬೇವು, ಎರಡು ಮಳೆಮರ ಇವೆ. ಉಳಿದದ್ದೆಲ್ಲ ಎದೆಯೆತ್ತರದ ಕಾಂಗ್ರೆಸ್ ಹುಲ್ಲು, ಅದರ ನಡುವೆ ಬಾಟಲಿ, ಪ್ಲಾಸ್ಟಿಕ್ ಚೀಲ. ಬೆಳಿಗ್ಗೆ ವಾಕಿಂಗ್ ಹೋಗುವ ನಾವು ಏಳೆಂಟು ನಿವೃತ್ತರು ದಿನವೂ ಅದನ್ನು ನೋಡಿ ಬೈದುಕೊಂಡು ಬರುತ್ತಿದ್ದೆವು. ಮನವಿ ಪತ್ರವನ್ನೂ ಕೊಟ್ಟಿದ್ದೆವು. ಒಂದು ದಿನ ನಿವೃತ್ತ ಶಿಕ್ಷಕಿಯಾದ ನಮ್ಮ ಅಕ್ಕನವರೊಬ್ಬರು, "ಅರ್ಜಿ ಬರೆದದ್ದು ಸಾಕು, ಬರುವ ಭಾನುವಾರ ಒಬ್ಬೊಬ್ಬರೂ ಒಂದೊಂದು ಕಸಬರಿಗೆ ತನ್ನಿ" ಎಂದರು. ಆ ಭಾನುವಾರ 14 ಜನ ಸೇರಿದೆವು. ಎರಡು ತಾಸು ಗುಡಿಸಿ ಹನ್ನೊಂದು ಗುಡ್ಡೆ ಹಾಕಿದೆವು. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಕಳಿಸಿದೆವು. "ಕಾಯಕವೇ ಪೂಜೆ" ಎಂದು ನಾನೇ ಅದರ ಕೆಳಗೆ ಬರೆದಿದ್ದೆ.

ಮರುದಿನ ಬೆಳಿಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿದರು. ಅವರ ಬೆರಳಿಗೆ ಬಟ್ಟೆ ಸುತ್ತಿತ್ತು. "ಸಾಹೇಬ್ರೇ, ನೀವು ಗುಡ್ಡೆ ಹಾಕಿ ಹೋಗಿದ್ದನ್ನ ಎತ್ತೋಕೆ ನಮಗೆ ಹೊತ್ತೇರಿತು. ಎಲೆ, ಗಾಜು, ಪ್ಲಾಸ್ಟಿಕ್ ಎಲ್ಲಾ ಒಂದ್ರಾಗೇ ಸೇರಿಸಿಬಿಟ್ಟಿದ್ರಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಮನೆಗೆ ಬಂದವನಿಗೆ ಶರಣೆ ಸತ್ಯಕ್ಕನವರ ನೆನಪಾಯಿತು. ಶಿವಭಕ್ತರ ಅಂಗಳ ಗುಡಿಸುವುದು ಆಕೆಯ ಕಾಯಕ. ನಾವು ಭಾಷಣಗಳಲ್ಲಿ ಆಕೆಯ ಹೆಸರನ್ನು ಎಷ್ಟು ಗೌರವದಿಂದ ಹೇಳುತ್ತೇವೆ! ಆದರೆ ನಮ್ಮ ಬೀದಿಯ ಅಂಗಳ ಗುಡಿಸುವ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ. ಕೆಲಸದ ಹಗುರವಾದ ಭಾಗವನ್ನು ನಾವು ಮಾಡಿ, ಕೈಗೆ ಗಾಯವಾಗುವ ಭಾಗವನ್ನು ಆಕೆಗೆ ಬಿಟ್ಟು ಬಂದಿದ್ದೆವು. ಅದನ್ನು ಕಾಯಕ ಎಂದು ಕರೆಯಲು ಸಾಧ್ಯವಿಲ್ಲ.

ಎರಡನೆಯ ಭಾನುವಾರದಿಂದ ಕ್ರಮ ಬದಲಿಸಿದೆವು. ಗಾಜಿಗೆ ದಪ್ಪ ಗೋಣಿಚೀಲ, ಪ್ಲಾಸ್ಟಿಕ್‌ಗೆ ಬೇರೆ ಚೀಲ. ನಾವು ಗುಡಿಸಿದ್ದನ್ನು ನಾವೇ ಹೊತ್ತು ಕಸದ ಗಾಡಿಗೆ ಹಾಕುವುದು. ಕೆಲಸ ಮುಗಿಯುವವರೆಗೆ ಫೋಟೊ ಇಲ್ಲ. ಎಲ್ಲರಿಗೂ ಕೈಗವಸು.

ಈ ಕೈಗವಸಿನ ಮಾತು ಮುಖ್ಯ. ಕಾಂಗ್ರೆಸ್ ಹುಲ್ಲನ್ನು ನಮ್ಮ ದೇಶದಲ್ಲಿ ಪುಣೆಯ ಸುತ್ತ ಗುರುತಿಸಿದ್ದು 1950ರ ದಶಕದಲ್ಲಿ. ಬರಿಗೈಯಲ್ಲಿ ಕಿತ್ತರೆ ಹಲವರಿಗೆ ಚರ್ಮದ ಅಲರ್ಜಿ ಆಗುತ್ತದೆ, ಅದರ ಪರಾಗ ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆದ್ದರಿಂದ ಬಿಳಿ ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನಮಗೆ ಅದು ಹತೋಟಿಗೆ ಬರಲು ಎರಡು ಮಳೆಗಾಲ ಬೇಕಾಯಿತು.

ಉದುರಿದ ಎಲೆಗೆ ಬೆಂಕಿ ಹಚ್ಚುವುದು ನಮ್ಮೂರುಗಳಲ್ಲಿ ರೂಢಿ. ಇದು ತಪ್ಪು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ತೆರೆದ ಜಾಗದಲ್ಲಿ ಕಸ ಸುಡುವುದನ್ನು ನಿಷೇಧಿಸಿದವು. ನಾವು ಮೂಲೆಯಲ್ಲಿ ಮೂರು ಅಡಿ ಆಳದ ಗುಂಡಿ ತೋಡಿ, ಒಂದು ಪದರ ಒಣಎಲೆ, ಮೇಲೆ ಸಗಣಿ ನೀರು, ಸ್ವಲ್ಪ ಮಣ್ಣು, ಮತ್ತೆ ಎಲೆ ಹೀಗೆ ತುಂಬಿದೆವು. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು, ಆಗಾಗ ತಿರುವಿ ಹಾಕಬೇಕು. ನಾಲ್ಕೈದು ತಿಂಗಳಿಗೆ ಒಳ್ಳೆಯ ಗೊಬ್ಬರವಾಯಿತು. ಬೀಜ ಕಟ್ಟಿದ ಕಾಂಗ್ರೆಸ್ ಹುಲ್ಲನ್ನು ಮಾತ್ರ ಗುಂಡಿಗೆ ಹಾಕಬೇಡಿ, ಗೊಬ್ಬರದ ಜೊತೆ ಅದರ ಬೀಜವೂ ಉದ್ಯಾನಕ್ಕೆಲ್ಲ ಹರಡುತ್ತದೆ.

ಇನ್ನೊಂದು ವಿಷಯದಲ್ಲಿ ನನ್ನದೇ ತಪ್ಪೊಪ್ಪಿಗೆ ಇದೆ. ಮಳೆಮರಗಳ ಬುಡಕ್ಕೆ ಕಾಂಡ ತಾಗುವಂತೆ ಕಾಂಕ್ರೀಟ್ ಹಾಕಿತ್ತು. ಸೇವೆಯಲ್ಲಿದ್ದಾಗ ಇಂಥ ಎಷ್ಟೋ ಕಾಮಗಾರಿಗಳ ಬಿಲ್ಲಿಗೆ ನಾನೇ ಸಹಿ ಹಾಕಿದ್ದೇನೆ. ನೋಡಲು ಅಚ್ಚುಕಟ್ಟು ಎಂಬುದಷ್ಟೇ ಆಗ ತಲೆಯಲ್ಲಿತ್ತು. ಬೇರಿಗೆ ನೀರೂ ಗಾಳಿಯೂ ಹೋಗದೆ ಮರ ನಿಧಾನವಾಗಿ ಸೊರಗುತ್ತದೆ, ಗಾಳಿಮಳೆಗೆ ಉರುಳುತ್ತದೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಮಾಡಿತ್ತು. ನಾವೂ ಅನುಮತಿ ಪಡೆದು ಅಷ್ಟು ಒಡೆದು ತೆಗೆದೆವು. ಪಿಕಾಸಿಯ ಮೊದಲ ಏಟು ನಾನೇ ಹಾಕಿದೆ. ಲೆಕ್ಕ ನೋಡಿ: ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಅರ್ಧ ಎಕರೆಗೆ 20 ಮಿಲಿಮೀಟರ್ ಬಿದ್ದರೆ ಸುಮಾರು 40,000 ಲೀಟರ್, ಅಂದರೆ ಎಂಟು ಟ್ಯಾಂಕರ್. ನೆಲ ತೆರೆದಿದ್ದರೆ ಅದರಲ್ಲಿ ಬಹುಪಾಲು ಇಂಗುತ್ತದೆ. ಕಾಂಕ್ರೀಟ್ ಮುಚ್ಚಿದರೆ ಚರಂಡಿಗೆ ಹೋಗುತ್ತದೆ.

ಇನ್ನು ಹೇಳಲು ಸಂಕೋಚವಾಗುವ ವಿಷಯ. ಕೆಲಸ ಮುಗಿದ ಮೇಲೆ ನಮ್ಮಲ್ಲೊಬ್ಬರ ಮನೆಯಿಂದ ಚಹಾ ಬರುತ್ತಿತ್ತು. ನಮಗೆಲ್ಲ ಸ್ಟೀಲ್ ಲೋಟ. ಪಕ್ಕದ ರಸ್ತೆ ಗುಡಿಸಲು ಬರುತ್ತಿದ್ದ ಇಬ್ಬರು ಪೌರಕಾರ್ಮಿಕರಿಗೆ ಕಾಗದದ ಕಪ್ಪು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ನಾನು ಮೂರನೆಯ ವಾರ ಗಮನಿಸಿದೆ. ಗಮನಿಸಿಯೂ ಎರಡು ವಾರ ಬಾಯಿಮುಚ್ಚಿಕೊಂಡಿದ್ದೆ. ಸಂಘ ಒಡೆದೀತು ಎಂಬ ಅಂಜಿಕೆ. ಕೊನೆಗೆ ಕೇಳಿದವನು ಪಿಯುಸಿ ಓದುವ ಹುಡುಗ, ನಮ್ಮ ಗೆಳೆಯರ ಮೊಮ್ಮಗ. "ಅಜ್ಜ, ಅವರಿಗ್ಯಾಕೆ ಬೇರೆ ಕಪ್ಪು?" ಎಂದ. ಯಾರೂ ಮಾತಾಡಲಿಲ್ಲ. ಆ ತಾಯಿ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು.

ಮುಂದಿನ ವಾರದಿಂದ ಎಲ್ಲರಿಗೂ ಒಂದೇ ತರಹದ ಲೋಟ, ತೊಳೆಯುವುದು ಸರದಿಯ ಮೇಲೆ. ನನ್ನ ಸರದಿಯೂ ಬರುತ್ತದೆ. ಒಂದು ಮನೆಯವರು ಅಂದಿನಿಂದ ಬರುವುದನ್ನು ಬಿಟ್ಟರು. ಅವರ ಮನೆಗೆ ಎರಡು ಸಲ ಹೋಗಿ ಕರೆದಿದ್ದೇನೆ, ಇನ್ನೂ ಬಂದಿಲ್ಲ. ಕರೆಯುವುದನ್ನು ಬಿಡುವುದಿಲ್ಲ. ಬಂಧುಗಳೇ, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ನಾವು ಕಲ್ಯಾಣದ ಶರಣರ ಸಮಾನತೆಯ ಬಗ್ಗೆ ಎಷ್ಟು ಗೋಷ್ಠಿ ನಡೆಸಿದ್ದೇವೆ! ಆ ಸಮಾನತೆಯ ಪರೀಕ್ಷೆ ನನಗೆ ಬಂದದ್ದು ಒಂದು ಚಹಾ ಲೋಟದಲ್ಲಿ. ಅದರಲ್ಲಿ ಎರಡು ವಾರ ನಾನು ನಪಾಸಾಗಿದ್ದೆ.

ಉದ್ಯಾನ ಚೆಂದವಾದ ಮೇಲೆ ಹೊಸ ಸಮಸ್ಯೆ. ಅಲ್ಲಿ ಬಸವೇಶ್ವರರ ಮಂಟಪ ಕಟ್ಟಿಸೋಣ ಎಂದು ದಾನಿಯೊಬ್ಬರು ಮುಂದೆ ಬಂದರು. ಅವರ ಭಕ್ತಿ ದೊಡ್ಡದು, ಅನುಮಾನವಿಲ್ಲ. ಆದರೆ ನಾನು ಕೈಮುಗಿದು ಬೇಡವೆಂದೆ. ಉದ್ಯಾನಗಳ ರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಅನಧಿಕೃತವಾಗಿ ಪೂಜಾಸ್ಥಳ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ, ನಿವಾಸಿಗಳು ಹೋರಾಡಿ 1991ರಲ್ಲಿ ಅದೇ ನ್ಯಾಯಾಲಯದಿಂದ ಉಳಿಸಿಕೊಂಡರು. ಇವತ್ತು ನಾವೊಂದು ಮಂಟಪ ಕಟ್ಟಿದರೆ ನಾಳೆ ಬೇರೆಯವರಿಗೆ ಬೇಡ ಎನ್ನುವ ಬಾಯಿ ನಮಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗುಡಿಯ ಗೋಡೆಗಿಂತ ಜಂಗಮಕ್ಕೆ ಬೆಲೆ ಕೊಟ್ಟವರು ಬಸವಣ್ಣನವರು. ಮಕ್ಕಳು ಆಡುವ ನೆಲವನ್ನು ಅವರ ಹೆಸರಿನಲ್ಲೇ ಕಿತ್ತುಕೊಳ್ಳುವುದು ಹೇಗೆ? ದಾನಿಗಳು ಒಂದು ವಾರ ಮಾತು ಬಿಟ್ಟಿದ್ದರು. ಆಮೇಲೆ ತಾವೇ ಬಂದು ಸಲಿಕೆ, ಬಾಂಡ್ಲಿ, ನೀರಿನ ಪೈಪು ಕೊಡಿಸಿದರು. ಯಾವುದರ ಮೇಲೂ ಹೆಸರು ಬರೆಸಲಿಲ್ಲ. ನಿಜವಾದ ದಾಸೋಹ ಅದು.

ನಿಮ್ಮೂರಲ್ಲಿ ಆರಂಭಿಸುವವರಿಗೆ ನನ್ನ ಅನುಭವದ ಎರಡು ಮಾತು. ಮೊದಲು ಸ್ಥಳೀಯ ಸಂಸ್ಥೆಗೆ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಮರ ಕಡಿಯುವ ಪ್ರಸಂಗ ಬಂದರೆ 1976ರ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ವಾರಕ್ಕೆ ಎರಡೇ ತಾಸು ಸಾಕು, ಆದರೆ ತಪ್ಪಿಸಬೇಡಿ. ಸಸಿ ನೆಡುವುದಕ್ಕೆ ಹತ್ತು ನಿಮಿಷ, ಅದಕ್ಕೆ ಎರಡು ಬೇಸಿಗೆ ನೀರು ಹೊರುವುದೇ ಕೆಲಸ. ಬಸವ ಜಯಂತಿಯ ದಿನ ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತು ಸಸಿ ನೆಟ್ಟು ಬದುಕಿಸುವುದು ಮೇಲು.

ಈಗ ಆ ತಾಯಿಯ ಹೆಸರು ನನಗೆ ಗೊತ್ತು. ನಾನು ಅವರನ್ನು ಅಕ್ಕಾ ಎನ್ನುತ್ತೇನೆ. ಅವರು ಮಾತ್ರ ಇನ್ನೂ ಸಾಹೇಬ್ರೇ ಎಂದೇ ಕರೆಯುತ್ತಾರೆ. ಅದು ಅಣ್ಣಾ ಎಂದಾಗುವ ದಿನದವರೆಗೆ ನಮ್ಮ ಭಾನುವಾರದ ಕೆಲಸ ಮುಗಿದಿಲ್ಲವೆಂದೇ ನನ್ನ ತಿಳಿವಳಿಕೆ.