ಮೇಷ್ಟ್ರಿಗೆ ಸಲ್ಲುವ ಮರ್ಯಾದೆ

(ನಿವೃತ್ತ ಉಪಾಧ್ಯಾಯರೊಬ್ಬರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿವೇತನದ ನಿಧಿಯನ್ನು ಆರಂಭಿಸಿದ ಸಭೆಯಲ್ಲಿ ಮಾಡಿದ ಭಾಷಣ)



ಮೇಷ್ಟ್ರು ನಿವೃತ್ತರಾದರೆ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಾರ ಸಂಜೆಗೆ ಬಾಡುತ್ತದೆ. ಶಾಲು ಪೆಟ್ಟಿಗೆ ಸೇರುತ್ತದೆ. ನೀವು ಅಷ್ಟಕ್ಕೇ ನಿಲ್ಲದೆ, ಗಿರಣಿಯ ಕೂಲಿಯಲ್ಲಿಯೂ ಅಂಗಡಿಯ ಗಲ್ಲಾದಲ್ಲಿಯೂ ಇಷ್ಟಿಷ್ಟು ತೆಗೆದಿಟ್ಟು, ಅವರ ಹೆಸರಿನಲ್ಲಿ ಬಡವರ ಮಕ್ಕಳನ್ನು ಕಾಲೇಜಿಗೆ ಕಳಿಸಲು ಹೊರಟಿದ್ದೀರಿ. ಸಂತೋಷ. ಆದರೆ ಇಂಥ ಕೆಲಸವನ್ನು ಅರೆಮನಸ್ಸಿನಿಂದ ಮಾಡಿದರೆ, ಮಾಡದೆ ಇರುವುದಕ್ಕಿಂತ ಹೆಚ್ಚಿನ ಕೇಡಾಗುತ್ತದೆ. ಅದನ್ನು ಹೇಳಲೆಂದೇ ಎದ್ದು ನಿಂತಿದ್ದೇನೆ.

ಮುಂಬಯಿಯ ವಿಲ್ಸನ್ ಹೈಸ್ಕೂಲಿನಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಉಪಾಧ್ಯಾಯರಿದ್ದರು. ಸಂಜೆ ಉದ್ಯಾನಕ್ಕೆ ಹೋದಾಗ ಅಲ್ಲಿ ಒಬ್ಬ ಹುಡುಗ ಪುಸ್ತಕ ಹಿಡಿದು ಕೂತಿರುವುದನ್ನು ಕಂಡರು. ಅವರ ಶಾಲೆಯ ಹುಡುಗನಲ್ಲ. ಆದರೂ ಹತ್ತಿರ ಹೋಗಿ ಮಾತನಾಡಿಸಿದರು. ಹುಡುಗನ ಮನೆ ಗಿರಣಿ ಕೂಲಿಕಾರರ ಪರೇಲಿನ ಚಾಳಿನಲ್ಲಿ. ಇದ್ದುದು ಒಂದೇ ಕೋಣೆ. ರಾತ್ರಿ ಹುಡುಗ ಬೇಗ ಮಲಗುತ್ತಿದ್ದ. ಎರಡು ಗಂಟೆಗೆ ತಂದೆ ಅವನನ್ನು ಓದಲು ಎಬ್ಬಿಸಿ, ತಾವು ಮಲಗುತ್ತಿದ್ದರು. ಮನೆಯಲ್ಲಿ ಜಾಗವೇ ಅಷ್ಟು.

ಆ ಹುಡುಗ 1907ರಲ್ಲಿ ಮೆಟ್ರಿಕ್ ಪಾಸಾದ. ಕಾಲೇಜು ಸೇರಿ ಇಂಟರ್ ಮುಗಿಸುವಷ್ಟರಲ್ಲಿ ತಂದೆಯ ಕೈ ಬರಿದಾಯಿತು. ಮೇಷ್ಟ್ರು ಏನು ಮಾಡಿದರು? ಮರುಗಿ ಸುಮ್ಮನಾದರೇ? ಇಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿ ಹುಡುಗನ ಮಾತೆತ್ತಿದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಯಿತು. ಆ ಹುಡುಗನೇ ಭೀಮರಾವ್ ರಾಮಜಿ ಅಂಬೇಡ್ಕರ್.

ಆ 25 ರೂಪಾಯಿಯ ಬಡ್ಡಿಯನ್ನು ನೀವೇ ಲೆಕ್ಕ ಹಾಕಿರಿ. ಅಂಬೇಡ್ಕರರು 1942ರಿಂದ 1946ರ ವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಂಡರು. ಅವರು ಆ ಸ್ಥಾನದಲ್ಲಿದ್ದಾಗಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. 1946ರಲ್ಲಿ ಕಾರ್ಖಾನೆ ಕಾನೂನಿಗೆ ತಿದ್ದುಪಡಿ ತಂದು, ವಾರಕ್ಕೆ 54 ಗಂಟೆಯಿದ್ದ ದುಡಿಮೆಯ ಮಿತಿಯನ್ನು 48ಕ್ಕೆ ಇಳಿಸಿದರು. ಗಿರಣಿಯ ಶಿಳ್ಳೆ ಕೇಳಿ ಮನೆಗೆ ಮರಳಿದ ಪ್ರತಿಯೊಬ್ಬ ಕೂಲಿಕಾರನಿಗೂ ಆ ಮೇಷ್ಟ್ರ ಋಣವಿದೆ.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಬರೋಡೆಯ ನೆರವಿನಿಂದಲೇ 1913ರಲ್ಲಿ ಅಮೆರಿಕಕ್ಕೆ ಹೋದ ಅಂಬೇಡ್ಕರರು, ಅಲ್ಲಿಂದ ಲಂಡನ್ನಿಗೆ ಹೋಗಿ ಓದುತ್ತಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ನಡುವಿನಲ್ಲೇ ಬಿಟ್ಟು ಮರಳಬೇಕಾಯಿತು. ಉಪನ್ಯಾಸಕರಾಗಿ ದುಡಿದು ಕೂಡಿಟ್ಟು, ಗೆಳೆಯನಿಂದ ಸಾಲ ಪಡೆದು, ಕೊಲ್ಲಾಪುರದ ಶಾಹು ಮಹಾರಾಜರ ಸಹಾಯವನ್ನೂ ಸೇರಿಸಿಕೊಂಡು, 1920ರಲ್ಲಿ ಮತ್ತೆ ಹಡಗು ಹತ್ತಿದರು. ಅವರು ಹತ್ತಿದರು. ನಡುವಿನಲ್ಲಿ ಕೈಬಿಟ್ಟರೆ ಎಲ್ಲ ಮಕ್ಕಳೂ ಮತ್ತೆ ಹತ್ತಲಾರರು.

ಆದುದರಿಂದ ನಿಧಿಯ ಸಮಿತಿಯವರಲ್ಲಿ ನನ್ನ ಬಿನ್ನಹವಿಷ್ಟು. ಹತ್ತು ಮಕ್ಕಳಿಗೆ ಒಂದು ವರ್ಷ ಕೊಡುವುದಕ್ಕಿಂತ ಮೂವರಿಗೆ ಓದು ಮುಗಿಯುವ ತನಕ ಕೊಡಿ. ಫೀಸಿನ ಗಡುವು ಜೂನಿನಲ್ಲಿದ್ದರೆ ಹಣ ಜೂನಿನಲ್ಲೇ ಕೈಸೇರಲಿ; ಡಿಸೆಂಬರಿನಲ್ಲಿ ಬರುವ ಹಣ ಬಡ್ಡಿ ಸಾಲಗಾರನ ಪಾಲು. ಮಗುವನ್ನು ವೇದಿಕೆಗೆ ಹತ್ತಿಸಿ, ಕೈಯಲ್ಲಿ ಲಕೋಟೆ ಹಿಡಿಸಿ, ಪಟ ತೆಗೆಸಬೇಡಿ. ಅಂಕಪಟ್ಟಿಯೊಂದನ್ನೇ ನೋಡಬೇಡಿ; ಕೇಳುಸ್ಕರರು ನೋಡಿದಂತೆ ಮನೆಯನ್ನೂ ನೋಡಿ. ಮದುವೆಯ ಖರ್ಚಿಗೆಂದು ಓದು ಬಿಡಿಸಿದ ಹೆಣ್ಣುಮಗಳ ಮನೆಗೆ ಮೊದಲು ಹೋಗಿ.

ಇನ್ನು ಕೆಲವರು ಕೇಳುತ್ತಾರೆ: ಸಮಾಜವಾದಿಗಳಾದ ನಾವು ಚಂದಾ ಎತ್ತಿ ದಾನ ಕೊಡುವುದು ಸರಿಯೇ, ಇದು ಸರ್ಕಾರದ ಕೆಲಸವಲ್ಲವೇ ಎಂದು. ನಿಜ, ಸರ್ಕಾರದ ಕೆಲಸವೇ. 2009ರ ಶಿಕ್ಷಣ ಹಕ್ಕಿನ ಕಾನೂನು 14 ವರ್ಷದ ಗಡಿಗೆ ಬಂದು ನಿಂತಿದೆ. ಅದರಾಚೆಗಿನ ಓದು ಇನ್ನೂ ಹಕ್ಕಾಗಿಲ್ಲ. ಅದು ಹಕ್ಕಾಗುವ ತನಕ ಹೋರಾಟ ಬಿಡತಕ್ಕದ್ದಲ್ಲ. ಆದರೆ ಹೋರಾಟ ಗೆಲ್ಲುವವರೆಗೆ ಈ ವರ್ಷದ ಹುಡುಗಿ ಕಾಯಲಾರಳು. ಅವಳ ಪ್ರವೇಶದ ಗಡುವು ಕಾಯುವುದಿಲ್ಲ. ಒಂದು ಕೈಯಲ್ಲಿ ಅರ್ಜಿ ಹಿಡಿಯೋಣ, ಇನ್ನೊಂದು ಕೈಯಲ್ಲಿ ಅವಳ ಫೀಸು ಕಟ್ಟೋಣ. ಮತ್ತೆ, ಇದು ದಾನವೂ ಅಲ್ಲ. ನಮಗೆ ಅಕ್ಷರ ಕಲಿಸಿದವರ ಸಾಲವನ್ನು ಮುಂದಿನವರಿಗೆ ತೀರಿಸುತ್ತಿದ್ದೇವೆ, ಅಷ್ಟೆ.

ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಹೆಸರು ಕಲ್ಲಿನ ಮೇಲೆ ಕೆತ್ತುವುದು ಬೇಡ. ಮೂರು ವರ್ಷದ ನಂತರ, ಓದು ಮುಗಿಸಿದ ಮಗು ಅವರ ಮನೆಯ ಬಾಗಿಲಿಗೆ ಬಂದು ತನ್ನ ಹೆಸರು ಹೇಳಲಿ. ಅವರಿಗೆ ಸಲ್ಲುವ ಮರ್ಯಾದೆ ಅದು.