ಸಮುರಾಯಿಯ ಕತ್ತಿ ಮತ್ತು ಬುತ್ತಿ



ಒಂದು ಸಿನಿಮಾ ಅರ್ಧಕ್ಕೇ ಏಕೆ ನಿಲ್ಲುತ್ತದೆ? ಹಣ ಸಾಲದೆ ನಿಲ್ಲಬಹುದು. ನಾಯಕನಟ ಕೈಕೊಟ್ಟು ನಿಲ್ಲಬಹುದು. ಆದರೆ 1950ರ ದಶಕದ ಆರಂಭದಲ್ಲಿ ಜಪಾನಿನ ಒಂದು ಸಿನಿಮಾ ನಿಂತದ್ದು ಮಧ್ಯಾಹ್ನದ ಊಟದ ಪ್ರಶ್ನೆಗೆ ಉತ್ತರ ಸಿಗದೆ.

ನಿರ್ದೇಶಕ ಅಕಿರಾ ಕುರೊಸಾವ 1952ರಲ್ಲಿ 'ಇಕಿರು' ಚಿತ್ರ ಮುಗಿಸಿದ್ದರು. ಮುಂದಿನದು ಒಬ್ಬ ಸಾಧಾರಣ ಸಮುರಾಯಿಯ ಒಂದೇ ದಿನದ ಕತೆಯಾಗಬೇಕೆಂಬುದು ಅವರ ಆಸೆ. ಆತ ಬೆಳಿಗ್ಗೆ ಏಳುತ್ತಾನೆ, ಕೋಟೆಗೆ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿ ಏನೋ ಒಂದು ಸಣ್ಣ ತಪ್ಪು ಮಾಡುತ್ತಾನೆ, ಸಂಜೆ ಆ ತಪ್ಪಿಗಾಗಿ ಹೊಟ್ಟೆ ಬಗೆದುಕೊಂಡು ಪ್ರಾಣ ಬಿಡುತ್ತಾನೆ. ಕತೆ ಇಷ್ಟೇ. ಚಿತ್ರಕತೆ ಬರೆಯಬೇಕಿದ್ದ ಶಿನೊಬು ಹಾಶಿಮೊಟೊ ಗ್ರಂಥಾಲಯ ಹೊಕ್ಕು ವಿವರ ಹುಡುಕತೊಡಗಿದರು. ಆ ಸಮುರಾಯಿ ಮಧ್ಯಾಹ್ನ ಏನು ಮಾಡುತ್ತಿದ್ದ? ಮನೆಯಿಂದ ಬುತ್ತಿ ಒಯ್ಯುತ್ತಿದ್ದನೇ? ಕೋಟೆಯಲ್ಲೇ ಊಟ ಹಾಕುತ್ತಿದ್ದರೇ? ಆಗ ದಿನಕ್ಕೆ ಎರಡು ಹೊತ್ತು ಉಣ್ಣುವ ರೂಢಿಯೇ, ಮೂರು ಹೊತ್ತೇ? ಖಚಿತವಾಗಿ ಏನೂ ತಿಳಿಯಲಿಲ್ಲ. ದಿನಚರಿಯೇ ಗೊತ್ತಿಲ್ಲದವನ ದಿನದ ಕತೆ ಹೇಳುವುದು ಹೇಗೆ? ಯೋಜನೆಯನ್ನು ಕೈಬಿಟ್ಟರು.

ಇಲ್ಲೊಂದು ಸ್ವಾರಸ್ಯವಿದೆ. ಸಮುರಾಯಿಯ ಕತ್ತಿಯನ್ನು ಇಡೀ ಜಗತ್ತು ಬಲ್ಲದು. ಅದರ ಬಾಗು, ಅದರ ಹೊಳಪು, ಹಿಡಿಗೆ ಸುತ್ತಿದ ದಾರ, ಎಲ್ಲವೂ ಜಪಾನಿಗೆ ಕಾಲಿಡದ ಹುಡುಗರಿಗೂ ಗೊತ್ತು. ಆದರೆ ಅವನ ಬುತ್ತಿ ಸ್ವತಃ ಜಪಾನೀಯರಿಗೂ ಗೊತ್ತಿರಲಿಲ್ಲ. ಒಂದು ಇಷ್ಟು ಪ್ರಸಿದ್ಧವಾಗಿ, ಇನ್ನೊಂದು ಇಷ್ಟು ಮರೆಯಾದದ್ದು ಹೇಗೆ? ಜಪಾನನ್ನು ಪ್ರೀತಿಸುವವರು, ಅದರ ಸಿನಿಮಾಗಳನ್ನು ಮತ್ತೆ ಮತ್ತೆ ನೋಡುವವರು, ಕ್ಯಾಮೆರಾ ಹೆಗಲಿಗೇರಿಸಿ ಅಲ್ಲಿಗೆ ಹೋಗಿಬರುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಅಕ್ಕಿಯ ಸಂಬಳ

ಮೊದಲು ಸಮುರಾಯಿ ಯಾರೆಂದು ನೋಡೋಣ. 16ನೇ ಶತಮಾನದ ಜಪಾನ್ ಅಂತರ್ಯುದ್ಧಗಳಲ್ಲಿ ಬೇಯುತ್ತಿತ್ತು. ಆಗ ಸಮುರಾಯಿ ನಿಜವಾಗಿಯೂ ಯೋಧ. 1588ರಲ್ಲಿ ಹಿದೆಯೋಶಿ ಎಂಬ ದಂಡನಾಯಕ ರೈತರ ಬಳಿಯಿದ್ದ ಆಯುಧಗಳನ್ನೆಲ್ಲ ಕಿತ್ತುಕೊಂಡ ಮೇಲೆ ಕತ್ತಿ ಒಂದು ವರ್ಗದ ಗುರುತಾಗುತ್ತಾ ಹೋಯಿತು. 1603ರಲ್ಲಿ ತೊಕುಗಾವ ಮನೆತನ ಅಧಿಕಾರ ಹಿಡಿಯಿತು. 1615ರಲ್ಲಿ ಒಸಾಕಾ ಕೋಟೆ ಬಿತ್ತು. 1637-38ರ ಶಿಮಾಬಾರಾ ದಂಗೆಯನ್ನು ಬಿಟ್ಟರೆ ಅಲ್ಲಿಂದ ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಯುದ್ಧವೇ ನಡೆಯಲಿಲ್ಲ.

ಯುದ್ಧವಿಲ್ಲದ ನಾಡಿನಲ್ಲಿ ಯೋಧನಿಗೇನು ಕೆಲಸ? ಅವನು ಗುಮಾಸ್ತನಾದ. ಕಂದಾಯದ ಲೆಕ್ಕ ಬರೆದ, ಉಗ್ರಾಣ ಕಾದ, ಒಡೆಯನ ಮೆರವಣಿಗೆಯಲ್ಲಿ ನಡೆದ. ಅವನ ಸಂಬಳ ಅಕ್ಕಿಯ ಲೆಕ್ಕದಲ್ಲಿತ್ತು. ಅದರ ಅಳತೆಗೆ 'ಕೊಕು' ಎಂದು ಹೆಸರು. ಒಂದು ಕೊಕು ಎಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಅನ್ನವೆಂದು ಅಂದಾಜು. ಮೇಲಿನವರಿಗೆ ಸಾವಿರಾರು ಕೊಕು, ಕೆಳಗಿನವರಿಗೆ ಸಂಸಾರ ತೂಗಿಸಲೂ ಸಾಲದಷ್ಟು. ಸೊಂಟದಲ್ಲಿ ಎರಡು ಕತ್ತಿ ಇದ್ದರೂ ಮನೆಯಲ್ಲಿ ಸಾಲ ತಪ್ಪಿರಲಿಲ್ಲ.

1868ರಲ್ಲಿ ಅಧಿಕಾರ ಮೆಯ್ಜಿ ಚಕ್ರವರ್ತಿಯ ಕೈಗೆ ಮರಳಿ ತೊಕುಗಾವ ಆಡಳಿತ ಮುಗಿಯಿತು. 1873ರಲ್ಲಿ ಕಡ್ಡಾಯ ಸೈನ್ಯ ಸೇವೆ ಬಂದು ರೈತನ ಮಗನೂ ಸಿಪಾಯಿಯಾದ. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದರು. ಅದೇ ವರ್ಷ ಅಕ್ಕಿಯ ಸಂಬಳ ನಿಲ್ಲಿಸಿ, ಬದಲಿಗೆ ಸರ್ಕಾರಿ ಸಾಲಪತ್ರ ಕೊಟ್ಟರು. ಹೀಗೆ ಕತ್ತಿಯೂ ಹೋಯಿತು, ಬುತ್ತಿಯೂ ಹೋಯಿತು. ಮರುವರ್ಷ ಸೈಗೊ ತಕಾಮೊರಿ ನಾಯಕತ್ವದಲ್ಲಿ ಸತ್ಸುಮಾದ ಸಮುರಾಯಿಗಳು ದಂಗೆಯೆದ್ದರು. ಅವರನ್ನು ಸೋಲಿಸಿದ್ದು ಅದೇ ಹೊಸ ಸೈನ್ಯ.

ಗಾಜಿನ ಮೇಲೆ ಮೂಡಿದ ವೀರ

ಜಗತ್ತು ಕಂಡ ಸಮುರಾಯಿ ಈ ಮುಳುಗುವ ಹೊತ್ತಿನವನು. ಅವನನ್ನು ಕಾಣಿಸಿದವರಲ್ಲಿ ಮುಖ್ಯನಾದವನು ಫೆಲೀಸ್ ಬಿಯಾಟೊ. 1832ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ ಈತ ಯುದ್ಧವಿದ್ದಲ್ಲಿಗೆ ಕ್ಯಾಮೆರಾ ಒಯ್ದ ಮೊದಲ ತಲೆಮಾರಿನ ಛಾಯಾಗ್ರಾಹಕರಲ್ಲೊಬ್ಬ. ಜಪಾನಿಗೆ ಹೋಗುವ ಮೊದಲು ಈತ ಭಾರತಕ್ಕೆ ಬಂದಿದ್ದ ಎಂಬುದನ್ನು ನಾವು ಮರೆಯಬಾರದು.

1857ರ ನವೆಂಬರಿನಲ್ಲಿ ಲಖನೌದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಪಡೆ ಸುಮಾರು 2,000 ಮಂದಿ ಬಂಡಾಯದ ಸಿಪಾಯಿಗಳನ್ನು ಕೊಂದಿತು. ಬಿಯಾಟೊ ಅಲ್ಲಿಗೆ ಬಂದದ್ದು 1858ರಲ್ಲಿ, ತಿಂಗಳುಗಳು ಕಳೆದ ಮೇಲೆ. ಆದರೂ ಅವನ ಚಿತ್ರದಲ್ಲಿ ಮುರಿದ ಕಟ್ಟಡದ ಅಂಗಳದ ತುಂಬ ಎಲುಬು, ತಲೆಬುರುಡೆಗಳು ಹರಡಿಕೊಂಡಿವೆ. ಚಿತ್ರಕ್ಕಾಗಿಯೇ ಅವನ್ನು ಹೊರತೆಗೆಸಿ ಹರಡಲಾಯಿತು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಮಾತು. ಸಾವು ಸುಳ್ಳಲ್ಲ. ಆದರೆ ಚಿತ್ರವನ್ನು ಜೋಡಿಸಲಾಗಿತ್ತು.

ಇದೇ ಬಿಯಾಟೊ 1863ರಲ್ಲಿ ಯೊಕೊಹಾಮಾ ಬಂದರಿನಲ್ಲಿ ಇಳಿದ. ಅದಕ್ಕೆ ಒಂದು ವರ್ಷ ಮೊದಲು ಅಲ್ಲೇ ಹತ್ತಿರದ ನಮಾಮುಗಿ ಹಳ್ಳಿಯಲ್ಲಿ ಸತ್ಸುಮಾದ ಸಮುರಾಯಿಗಳು ಒಬ್ಬ ಇಂಗ್ಲಿಷ್ ವರ್ತಕನನ್ನು ಕಡಿದುಹಾಕಿದ್ದರು. ವಿದೇಶಿಯರಿಗೆ ಸಮುರಾಯಿಯ ಬಗ್ಗೆ ಭಯವೂ ಇತ್ತು, ಕುತೂಹಲವೂ ಇತ್ತು. ಭಯ ಮತ್ತು ಕುತೂಹಲ ಕೂಡಿದಲ್ಲಿ ಚಿತ್ರಕ್ಕೆ ಒಳ್ಳೆಯ ಬೆಲೆ ಬರುತ್ತದೆ. ಒಪ್ಪಂದದ ಪ್ರಕಾರ ವಿದೇಶಿಯರು ಬಂದರಿನಿಂದ ಸುಮಾರು 40 ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ. ಹಾಗಾಗಿ ದೇಶವೇ ಸ್ಟುಡಿಯೋದೊಳಕ್ಕೆ ಬರಬೇಕಾಯಿತು.

ಆ ಕಾಲದ ತಂತ್ರವನ್ನೂ ತಿಳಿದುಕೊಳ್ಳಬೇಕು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಕೂಡಲೇ ಕತ್ತಲಕೋಣೆಯಲ್ಲಿ ತೊಳೆಯಬೇಕಿತ್ತು. ಬೆಳಕು ಬೀಳುವ ಕೆಲವು ಸೆಕೆಂಡು ಎದುರಿನವನು ಅಲುಗಾಡಕೂಡದು. ಬೀಸುವ ಕತ್ತಿ ಆ ಗಾಜಿನ ಮೇಲೆ ಬರೀ ಮಂಜಾಗಿಬಿಡುತ್ತಿತ್ತು. ಆದ್ದರಿಂದ ಸಮುರಾಯಿ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ಬಿಗಿಮುಖ ಮಾಡಿ, ಕಲ್ಲಿನಂತೆ ನಿಂತ. ಇಂದು ಆ ಚಿತ್ರಗಳಲ್ಲಿ ಕಾಣುವ ಗಾಂಭೀರ್ಯದಲ್ಲಿ ಒಂದು ಪಾಲು ಅವನ ಸ್ವಭಾವದ್ದು, ಒಂದು ಪಾಲು ರಸಾಯನಶಾಸ್ತ್ರದ್ದು.

ಛಾಪಿಸಿದ ಚಿತ್ರಕ್ಕೆ ಜಪಾನೀ ಕಲಾವಿದರು ಕೈಯಿಂದ ಬಣ್ಣ ತುಂಬುತ್ತಿದ್ದರು. ಹಾಗೆ ಬಣ್ಣ ಹಚ್ಚುತ್ತಿದ್ದ ಕುಸಾಕಾಬೆ ಕಿಂಬೆಯ್ ಮುಂದೆ ತಾನೇ ಸ್ಟುಡಿಯೋ ತೆರೆದು ಹೆಸರಾದ. ಪ್ರವಾಸಿಗರು ಮೆರುಗೆಣ್ಣೆಯ ಹೊದಿಕೆಯ ಆಲ್ಬಂಗಳನ್ನು ಕೊಂಡು ತಮ್ಮ ದೇಶಗಳಿಗೆ ಒಯ್ದರು. ಬಿಯಾಟೊ ತೆಗೆದವರಲ್ಲಿ ನಿಜವಾದ ಸಮುರಾಯಿಗಳೂ ಇದ್ದರು. ಆದರೆ 1876ರ ನಂತರ ಕತ್ತಿ ಧರಿಸಿದವನು ಬೀದಿಯಲ್ಲಿ ಸಿಗುತ್ತಿರಲಿಲ್ಲ. ಕೊಳ್ಳುವವರಿಗೆ ಮಾತ್ರ ಅವನು ಬೇಕಿತ್ತು. ಸ್ಟುಡಿಯೋಗಳು ಹಳೆಯ ಕವಚವನ್ನು ಬಾಡಿಗೆಯ ಮೈಗೆ ತೊಡಿಸಿದವು. ನಿಜದ ಸಮುರಾಯಿ ಕೆಲಸ ಹುಡುಕುತ್ತಾ ಅಲೆಯುತ್ತಿದ್ದಾಗ ಅವನ ಚಿತ್ರ ಹಡಗೇರಿ ಲೋಕಪ್ರವಾಸ ಮಾಡುತ್ತಿತ್ತು.

ಬಿದಿರಿನ ಕತ್ತಿ

ಚಿತ್ರಕ್ಕೆ ತತ್ತ್ವವೂ ಸೇರಿತು. ಸಮುರಾಯಿ ಮನೆತನದ ನಿತೊಬೆ ಇನಾಜೊ ಅಮೆರಿಕದಲ್ಲಿದ್ದಾಗ ಬುಶಿಡೊ, ಅಂದರೆ ಯೋಧಧರ್ಮದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1900ರ ಸುಮಾರಿಗೆ ಹೊರಬಂದು ಪಾಶ್ಚಾತ್ಯರಲ್ಲಿ ಬಹಳ ಜನಪ್ರಿಯವಾಯಿತು. ಮುಂದೆ ಜಪಾನಿನ ಸೇನಾಶಾಹಿ ಆ ಯೋಧಧರ್ಮದ ಹೆಸರಿನಲ್ಲೇ ಯುವಕರನ್ನು ಸಾವಿಗೆ ಕಳಿಸಿತು. 1945ರ ಸೋಲಿನ ನಂತರ ದೇಶವನ್ನು ವಶಕ್ಕೆ ಪಡೆದ ಅಮೆರಿಕನ್ ಆಡಳಿತ, ಸೇಡು ಮತ್ತು ಒಡೆಯನಿಗಾಗಿ ಸಾಯುವುದನ್ನು ಹೊಗಳುವ ಸಿನಿಮಾಗಳಿಗೆ ತಡೆಯೊಡ್ಡಿತು. ಆ ಆಡಳಿತ ಮುಗಿದದ್ದು 1952ರಲ್ಲಿ. ಕುರೊಸಾವ ಸಮುರಾಯಿಯ ಬುತ್ತಿ ಹುಡುಕಲು ಹೊರಟದ್ದು ಅದೇ ಹೊತ್ತಿಗೆ ಎಂಬುದು ಗಮನಾರ್ಹ.

ಬುತ್ತಿಯ ಕತೆ ಅಲ್ಲಿಗೇ ಮುಗಿಯಲಿಲ್ಲ. ವಿವರ ಹುಡುಕುತ್ತಿದ್ದಾಗ ಬೇರೊಂದು ಸಂಗತಿ ತಿಳಿದುಬಂತು: ಅಂತರ್ಯುದ್ಧದ ಕಾಲದಲ್ಲಿ ಹಳ್ಳಿಯವರು ಡಕಾಯಿತರನ್ನು ತಡೆಯಲು ಒಡೆಯನಿಲ್ಲದ ಸಮುರಾಯಿಗಳನ್ನು ಕಾವಲಿಗೆ ಇಟ್ಟುಕೊಳ್ಳುತ್ತಿದ್ದರು. ಅವರಿಗೆ ಕೂಲಿ? ಹೊಟ್ಟೆ ತುಂಬ ಅನ್ನ. 1954ರಲ್ಲಿ ಬಂದ 207 ನಿಮಿಷಗಳ 'ಸೆವೆನ್ ಸಮುರಾಯ್' ಹುಟ್ಟಿದ್ದು ಹೀಗೆ. ಅದರ ಒಂದು ದೃಶ್ಯದಲ್ಲಿ, ರೈತರು ತಾವು ಕಿರುಧಾನ್ಯ ತಿಂದುಕೊಂಡು ತನಗೆ ಬಿಳಿ ಅನ್ನ ಬಡಿಸುತ್ತಿದ್ದಾರೆಂದು ತಿಳಿದ ಹಿರಿಯ ಸಮುರಾಯಿ ಕಾಂಬೆಯ್ ಆ ಬಟ್ಟಲನ್ನು ಎತ್ತಿ ಹಿಡಿದು ಕೆಲಸ ಒಪ್ಪಿಕೊಳ್ಳುತ್ತಾನೆ. ಚಿತ್ರ ನಿಂತಿರುವುದೇ ಆ ಅನ್ನದ ಮೇಲೆ. ಕೊನೆಗೆ ಏಳರಲ್ಲಿ ನಾಲ್ವರು ಸಾಯುತ್ತಾರೆ, ಕತ್ತಿಯೇಟಿಗಲ್ಲ, ಬಂದೂಕಿನ ಗುಂಡಿಗೆ. ಉಳಿದವರು ಗೋರಿಗಳ ಕಡೆ ನೋಡುತ್ತಾ ನಿಂತಿರುವಾಗ ಹಳ್ಳಿಯವರು ಹಾಡುತ್ತಾ ನಾಟಿ ಮಾಡುತ್ತಾರೆ. ಗೆದ್ದವರು ಅವರು.

ಈ ಕತೆ ಮುಂದೆ ದೂರ ನಡೆಯಿತು. 1960ರಲ್ಲಿ ಹಾಲಿವುಡ್ ಇದನ್ನು ಕೌಬಾಯ್ ಚಿತ್ರವಾಗಿಸಿತು. ಅದರ ನೆರಳು ಬಿದ್ದ ಹಿಂದಿಯ 'ಶೋಲೆ' (1975) ಚಿತ್ರೀಕರಣವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಗಬ್ಬರನ ಆ ಬಂಡೆಗಳನ್ನು ಬಲ್ಲ ಕನ್ನಡಿಗರಿಗೆ ಕುರೊಸಾವನ ಹಳ್ಳಿ ತೀರ ಅಪರಿಚಿತವೇನಲ್ಲ.

'ಸೆವೆನ್ ಸಮುರಾಯ್'ನಲ್ಲಿ ಸಮುರಾಯಿಯೆಂದು ಸೋಗು ಹಾಕಿದ ರೈತನ ಮಗನೊಬ್ಬನಿದ್ದಾನೆ. ಆ ಪಾತ್ರ ಮಾಡಿದ ತೊಶಿರೊ ಮಿಫುನೆ ಛಾಯಾಗ್ರಾಹಕನ ಮಗ. ತಂದೆಯ ಸ್ಟುಡಿಯೋದಲ್ಲಿ ಕೆಲಸ ಕಲಿತು, ಸೈನ್ಯದಲ್ಲಿ ವೈಮಾನಿಕ ಛಾಯಾಚಿತ್ರಗಳ ವಿಭಾಗದಲ್ಲಿದ್ದು, 1946ರಲ್ಲಿ ಕ್ಯಾಮೆರಾ ಸಹಾಯಕನ ಕೆಲಸ ಹುಡುಕಿಕೊಂಡು ತೊಹೊ ಕಂಪನಿಗೆ ಹೋದವನು ನಟನಾದ. ಬಿಯಾಟೊನ ಸಮುರಾಯಿ ಅಲುಗಾಡುವಂತಿರಲಿಲ್ಲ. ಮಿಫುನೆ ತುರಿಸಿಕೊಳ್ಳುತ್ತಾನೆ, ಕುಣಿಯುತ್ತಾನೆ, ಕೆಸರಲ್ಲಿ ಬೀಳುತ್ತಾನೆ, ಅಳುತ್ತಾನೆ. ಕಲ್ಲಾಗಿ ನಿಂತಿದ್ದವನಿಗೆ ಜೀವ ಬಂದದ್ದು ಅಲ್ಲಿ.

ಇನ್ನೂ ಕಟುವಾಗಿ ಮಾತಾಡಿದವರು ಮಸಾಕಿ ಕೊಬಯಾಶಿ. ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಬೇಕಾಗಿ ಬಂದಾಗಲೂ ಬಡ್ತಿ ನಿರಾಕರಿಸಿ ಸಾಮಾನ್ಯ ಸಿಪಾಯಿಯಾಗಿಯೇ ಉಳಿದವರು ಅವರು. 1962ರ ಅವರ 'ಹರಾಕಿರಿ' ಚಿತ್ರದ ಕಾಲ 1630. ಕಾಯಿಲೆ ಬಿದ್ದ ಹೆಂಡತಿ ಮಗುವಿಗಾಗಿ ತರುಣ ಸಮುರಾಯಿಯೊಬ್ಬ ತನ್ನ ಕತ್ತಿಯ ಅಲಗುಗಳನ್ನು ಮಾರಿ ಒರೆಯಲ್ಲಿ ಬಿದಿರು ತುರುಕಿಕೊಂಡಿರುತ್ತಾನೆ. ಮಾನದ ಹೆಸರಿನಲ್ಲಿ ದೊಡ್ಡ ಮನೆಯವರು ಆ ಬಿದಿರಿನಿಂದಲೇ ಹೊಟ್ಟೆ ಬಗೆದುಕೊಳ್ಳಲು ಅವನನ್ನು ಒತ್ತಾಯಿಸುತ್ತಾರೆ. ಆ ಮನೆಯ ಪೂರ್ವಜರ ಕವಚ ಪೀಠದ ಮೇಲೆ ಕೂತಿದೆ. ಅದರೊಳಗೆ ಯಾರೂ ಇಲ್ಲ.

ನಲವತ್ತು ವರ್ಷಗಳ ನಂತರ, 2002ರಲ್ಲಿ ಯೋಜಿ ಯಮಾದ ನಿರ್ದೇಶಿಸಿದ 'ಟ್ವಿಲೈಟ್ ಸಮುರಾಯ್' ಬಂತು. ನಾಯಕ ಸೆಯ್ಬೆಯ್ ಉಗ್ರಾಣದ ಗುಮಾಸ್ತ. ಹೆಂಡತಿ ತೀರಿಕೊಂಡಿದ್ದಾಳೆ. ಸಂಜೆಯಾದೊಡನೆ ಗೆಳೆಯರೊಂದಿಗೆ ಕುಡಿಯಲು ಹೋಗದೆ ಮನೆಗೆ ಓಡುತ್ತಾನೆ. ಮರೆವಿನ ತಾಯಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿಕೊಂಡು, ರಾತ್ರಿ ಕೂತು ಕೀಟದ ಪಂಜರ ಹೆಣೆದು ನಾಲ್ಕು ಕಾಸು ಗಳಿಸುತ್ತಾನೆ. ಅವನ ಒರೆಯಲ್ಲೂ ಬಿದಿರೇ. ಉದ್ದ ಕತ್ತಿಯನ್ನು ಹೆಂಡತಿಯ ಅಂತ್ಯಕ್ರಿಯೆಯ ಖರ್ಚಿಗೆ ಮಾರಿದ್ದಾನೆ. ಹಾಶಿಮೊಟೊ ಅರ್ಧಕ್ಕೆ ಬಿಟ್ಟ ಸಾಧಾರಣ ಸಮುರಾಯಿಯ ದಿನಚರಿಯನ್ನು ಈ ಚಿತ್ರ ತನ್ನದೇ ರೀತಿಯಲ್ಲಿ ಪೂರ್ತಿ ಮಾಡಿತು ಎನ್ನಬಹುದು.

ಚೌಕಟ್ಟಿನ ಹೊರಗೆ

ಹಾಗಾದರೆ ಕತ್ತಿಯನ್ನು ಮೆಚ್ಚುವುದು ತಪ್ಪೇ? ಖಂಡಿತ ಅಲ್ಲ. ದೂರದ ನಾಡೊಂದರ ಮೇಲಿನ ಪ್ರೀತಿ ಸಾಮಾನ್ಯವಾಗಿ ಹೊಳೆಯುವ ವಸ್ತುವಿನಿಂದಲೇ ಶುರುವಾಗುತ್ತದೆ. ಕ್ಯೋಟೊದಲ್ಲಿ 1975ರಲ್ಲಿ ತೆರೆದ ತೋಯೆಯ್ ಸ್ಟುಡಿಯೋದ ಉದ್ಯಾನದಲ್ಲಿ ಹಳೆಯ ಕಾಲದ ಬೀದಿಗಳ ಸೆಟ್ಟುಗಳಿವೆ. ಅಲ್ಲಿ ವೇಷಧಾರಿ ಸಮುರಾಯಿಯ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುವವರು ಬಿಯಾಟೊನ ಗಿರಾಕಿಗಳ ವಾರಸುದಾರರೇ. ಅದರಿಂದ ಯಾರಿಗೂ ಕೇಡಿಲ್ಲ.

ಕೇಡು ಬರುವುದು ಊರನ್ನೇ ಸ್ಟುಡಿಯೋ ಎಂದುಕೊಂಡಾಗ. ಅದೇ ಕ್ಯೋಟೊದ ಗಿಯೋನ್ ಬಡಾವಣೆಯಲ್ಲಿ ಗೆಯ್ಕೊ ಮತ್ತು ಮೈಕೊ ಎಂದು ಕರೆಯುವ ಸಾಂಪ್ರದಾಯಿಕ ಕಲಾವಿದೆಯರು ಸಂಜೆ ಕೆಲಸಕ್ಕೆ ಹೊರಡುತ್ತಾರೆ. ಪ್ರವಾಸಿಗರು ಅವರನ್ನು ಅಟ್ಟಿಸಿಕೊಂಡು ಹೋಗಿ, ದಾರಿಗೆ ಅಡ್ಡ ನಿಂತು ಚಿತ್ರ ತೆಗೆಯುವುದು ಹೆಚ್ಚಾಯಿತು. 2019ರಲ್ಲಿ ಅಲ್ಲಿನ ನಿವಾಸಿಗಳು ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡ ಎಂದು ಫಲಕ ಹಾಕಿದರು. ಅದೂ ಸಾಲದೆ 2024ರಲ್ಲಿ ಅಂಥ ಓಣಿಗಳಿಗೆ ಪ್ರವಾಸಿಗರು ಬರುವುದನ್ನೇ ನಿಷೇಧಿಸಿದರು. ಜಪಾನನ್ನು ಪ್ರೀತಿಸಿ ಬಂದವರ ಮುಖಕ್ಕೇ ಬಾಗಿಲು ಹಾಕಿದಂತಾಯಿತು. ಬಣ್ಣದ ಉಡುಗೆ ಎಲ್ಲರಿಗೂ ಕಂಡಿತು. ಹೊತ್ತಾಯಿತೆಂದು ಬೇಗಬೇಗ ಹೆಜ್ಜೆ ಹಾಕುವ, ದುಡಿದು ಉಣ್ಣುವ ಹೆಣ್ಣುಮಗಳು ಕಾಣಲಿಲ್ಲ.

ಲಖನೌದ ಅಂಗಳದಿಂದ ಗಿಯೋನ್ ಓಣಿಯವರೆಗೆ ಕ್ಯಾಮೆರಾ ಹಿಡಿದವರ ಮುಂದಿರುವ ಪ್ರಶ್ನೆ ಒಂದೇ: ಎದುರಿಗಿರುವವರು ತಮ್ಮ ಚಿತ್ರಕ್ಕಾಗಿ ಇದ್ದಾರೆಯೇ, ತಮ್ಮ ಬದುಕಿಗಾಗಿ ಇದ್ದಾರೆಯೇ? ಜಪಾನಿನ ಒಳ್ಳೆಯ ನಿರ್ದೇಶಕರು ತಮ್ಮದೇ ವೀರನ ಕತ್ತಿಯನ್ನು ಒರೆಯಿಂದೆಳೆದು ಬಿದಿರನ್ನು ತೋರಿಸಿದರು. ಆಮೇಲೂ ಆ ಚಿತ್ರಗಳನ್ನು ಜನ ಪ್ರೀತಿಸಿದರು, ಬಹುಶಃ ಮೊದಲಿಗಿಂತ ಹೆಚ್ಚಾಗಿಯೇ.

ಮುಂದಿನ ಸಲ ಕತ್ತಿ ಹಿಡಿದವನ ಚಿತ್ರ ಕಂಡಾಗ ಕಣ್ತುಂಬ ನೋಡೋಣ. ನೋಡಿಯಾದ ಮೇಲೆ ಹಾಶಿಮೊಟೊ ಕೇಳಿದ ಪ್ರಶ್ನೆಯನ್ನೂ ಕೇಳೋಣ: ಅಯ್ಯಾ, ನಿನ್ನ ಮಧ್ಯಾಹ್ನದ ಊಟ ಆಯಿತೇ?